ಶ್ರಾವಣ ಶನಿವಾರಕ್ಕೆ ಒಂದು ರಿಸೀವರ್

ಜೂನ್ ಎಂಟು, ಶನಿವಾರ. ನನ್ನ ನೋಟ್‌ಬುಕ್ಕಿನ ಆ ದಿನದ ಪುಟದಲ್ಲಿ ಮೂರೇ ಸಾಲು ಇವೆ. ಬಂದವರು ಏಳು. ಶುರು ಮಾಡಿದ ಭಜನೆ ಪದ ಎರಡು, ಮುಗಿದದ್ದು ಸೊನ್ನೆ. ಮಷೀನ್ ತರುವುದು ಅಂತ ಠರಾವಾಯಿತು, ಆರಿಸುವ ಕೆಲಸ ನನಗೆ.

ಕಮಲಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಶನಿವಾರ ಸಂಜೆ ಭಜನೆ ಇರುತ್ತದೆ. ನನಗೆ ನೆನಪಿರುವ ಕಾಲದಿಂದ ಅದನ್ನು ನಡೆಸಿಕೊಂಡು ಬಂದವರು ಅಪ್ಪ. ಅವರು ಶಾಲೆಯೊಂದರಲ್ಲಿ ಗುಮಾಸ್ತರು, ದೊಡ್ಡ ಗಾಯಕರೇನಲ್ಲ. ಹಾರ್ಮೋನಿಯಂ ಮುಂದೆ ಕುಳಿತು ಒಂದು ಸಾಲು ಹೇಳಿಕೊಡುತ್ತಿದ್ದರು, ಉಳಿದವರು ಅದನ್ನೇ ತಿರುಗಿ ಹಾಡುತ್ತಿದ್ದರು. ಮೊದಲು ಕನ್ನಡದ ಪದ, ನಡುವೆ ಒಂದೆರಡು ಮರಾಠಿ ಅಭಂಗ, ಕಡೆಗೆ ಆರತಿ. ಬರುವವರೆಲ್ಲ ಓಣಿಯವರೇ, ಹೆಚ್ಚಿನವರು ಅರವತ್ತು ದಾಟಿದವರು.

ಫೆಬ್ರವರಿ ಏಳರಂದು ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಅಪ್ಪನ ಕುತ್ತಿಗೆಯಿಂದ ಥೈರಾಯ್ಡ್ ಗಂಟು ತೆಗೆದರು. ಗಂಟು ಕೆಟ್ಟದ್ದಲ್ಲ ಅಂತ ವರದಿ ಬಂತು. ಆದರೆ ದನಿಗೆ ಹೋಗುವ ನರ ಗಂಟಿಗೆ ಅಂಟಿಕೊಂಡಿತ್ತು. ಹೀಗಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿ ಕಾಗದದ ಮೇಲೆ ಸಹಿ ಹಾಕಿಸಿಕೊಂಡಿದ್ದರು. ಸಹಿಯ ಕೆಳಗೆ ತಾರೀಖು ಬರೆದವಳು ನಾನು. ಎಚ್ಚರವಾದ ಮೇಲೆ ಅಪ್ಪನ ಬಾಯಿಂದ ಬಂದದ್ದು ಗಾಳಿ. ಹತ್ತಿರ ಕೂತರೆ ಮಾತು ತಿಳಿಯುತ್ತಿತ್ತು, ದನಿ ಮಾತ್ರ ಇರಲಿಲ್ಲ. ನರ ತಾನಾಗಿ ಚೇತರಿಸಿಕೊಳ್ಳಬಹುದು, ಆರು ತಿಂಗಳು ನೋಡೋಣ, ಅಷ್ಟರಲ್ಲಿ ಎಷ್ಟು ಬಂದಿರುತ್ತದೋ ಬಹುತೇಕ ಅಷ್ಟೇ ಎಂದು ಡಾಕ್ಟರು ಹೇಳಿದರು.

ಮನೆಯಲ್ಲಿ ಮಾಡಲು ಒಂದು ಅಭ್ಯಾಸ ಕೊಟ್ಟರು. ಉಸಿರು ತುಂಬಿಕೊಂಡು 'ಆ' ಅನ್ನಬೇಕು, ಎಷ್ಟು ಸೆಕೆಂಡು ನಿಲ್ಲುತ್ತದೆ ನೋಡಬೇಕು. ನಾನು ಕಲಬುರಗಿಯ ಸೇಡಂ ರಸ್ತೆಯ ಒಂದು ರಕ್ತ ತಪಾಸಣೆ ಲ್ಯಾಬಿನಲ್ಲಿ ವರದಿ ಟೈಪ್ ಮಾಡುವವಳು. ಅಂಕಿ ಬರೆಯುವುದು ನನಗೆ ಕಷ್ಟವಲ್ಲ. ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಫೋನಿನಲ್ಲಿ ಸಮಯ ಹಿಡಿದು ಬರೆಯುತ್ತಿದ್ದೆ. ಮಾರ್ಚಿನಲ್ಲಿ ಮೂರು, ಮೂರು, ನಾಲ್ಕು. ಏಪ್ರಿಲ್‌ನಲ್ಲಿ ಒಂದು ದಿನ ಆರು. ಅದರ ಮುಂದೆ ಗೆರೆ ಎಳೆದಿದ್ದೇನೆ. ಮೇ ತಿಂಗಳೆಲ್ಲ ನಾಲ್ಕು.

ಅಪ್ಪನ ದನಿ ಇಲ್ಲದ ಭಜನೆ ಹೇಗೋ ಕುಂಟಿಕೊಂಡು ನಡೆದಿತ್ತು. ಅಪ್ಪ ಅಲ್ಲೇ ಗೋಡೆಗೆ ಒರಗಿ ಕೂತಿರುತ್ತಿದ್ದರು, ತಾಳ ಹಾಕುತ್ತಿದ್ದರು. ಸಾಲು ಹೇಳಿಕೊಡುವವರು ಬೇರೆ ಯಾರೂ ಇರಲಿಲ್ಲ. ಒಬ್ಬರು ಶುರು ಮಾಡಿದರೆ ಎರಡನೇ ನುಡಿಗೆ ಉಸಿರು ಸಾಲುತ್ತಿರಲಿಲ್ಲ. ಇನ್ನೊಬ್ಬರು ಶುರು ಮಾಡಿದರೆ ಉಳಿದವರಿಗೆ ಕೇಳಿಸುತ್ತಲೇ ಇರಲಿಲ್ಲ. ಜೂನ್ ಎಂಟರಂದು ಪಕ್ಕದ ಮನೆಯ ಕಾಕಾ ತಾಳ ಕೆಳಗಿಟ್ಟರು. ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತರಾದವರು, ನಮ್ಮ ಭಜನೆಗೆ ಹಿರಿಯರು.

"ಯಾರದೂ ತಪ್ಪಿಲ್ಲಪಾ. ಆದ್ರ ಶ್ರಾವಣ ಬರ್ತದ. ಶ್ರಾವಣ ಶನಿವಾರ ಬಾಯಿ ಮುಚಗೊಂಡು ಕೂಡ್ಲಿಕ್ಕೆ ಆಗ್ತದೇನು? ಒಂದು ಛಲೋ ಮಷೀನ್ ತರೋಣ. ಅದು ಹೇಳಿಕೊಡ್ತದ, ನಾವು ಅನ್ನೋಣ."

ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಏನೋ ಅಂದರು. ಕಾಕಾಗೆ ಕೇಳಿಸಲಿಲ್ಲ. ಬಾಗಿಲ ಹತ್ತಿರವಿದ್ದ ಅಮ್ಮ ದೊಡ್ಡದಾಗಿ ಹೇಳಿದಳು, "ಮಗಳೇ ಆರಸ್ಲಿ ಅಂತಾರ. ಎಲ್ಲಾ ಬರದಿಡ್ತಾಳಂತ."

ಹದಿನೆಂಟು ಸಾವಿರದೊಳಗೆ, ಫೋನಿನ ಹಾಡನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುವ ರಿಸೀವರ್, ಎರಡು ಸ್ಪೀಕರ್, ವೈರು ಎಲ್ಲ ಮುಗಿಯಬೇಕು. ಎಲ್ಲರೂ ಸೇರಿ ಹಾಕಿದರೆ ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ.

ನಾನು ಒಂದು ಯಾದಿ ಮಾಡಿದೆ. ಎಷ್ಟು ವ್ಯಾಟು, ಎಷ್ಟು ಚಾನೆಲ್ಲು, ಫೋನ್ ಹೇಗೆ ಜೋಡಿಸುವುದು, ಕರೆಂಟು ಏರಿಳಿದರೆ ತಡೆಯುತ್ತದೆಯೇ, ಕೆಟ್ಟರೆ ಕಲಬುರಗಿಯಲ್ಲೇ ರಿಪೇರಿ ಆಗುತ್ತದೆಯೇ, ವಯಸ್ಸಾದವರು ಒತ್ತಬಹುದಾದ ಗುಂಡಿಗಳು ಇವೆಯೇ. ಕಡೆಯ ಕಾಲಂ 'ದನಿ ಸ್ಪಷ್ಟತೆ', ಹತ್ತಕ್ಕೆ ಅಂಕ. ಎಲ್ಲ ಅಂಗಡಿಯಲ್ಲೂ ಒಂದೇ ಹಾಡು ಕೇಳಬೇಕು ಅಂತ ನಿಯಮ ಮಾಡಿಕೊಂಡು, ಅಪ್ಪ ಹೆಚ್ಚಾಗಿ ಮೊದಲು ಎತ್ತಿಕೊಳ್ಳುತ್ತಿದ್ದ ಪದವನ್ನು ಫೋನಿಗೆ ಇಳಿಸಿಕೊಂಡೆ. ಹೆಸರಾಂತ ಗಾಯಕರೊಬ್ಬರು ಹಾಡಿದ್ದು.

ಜೂನ್ ಹನ್ನೆರಡರಂದು ಕಲಬುರಗಿಯ ಜಗತ್ ಬಡಾವಣೆಯ ಒಂದು ಅಂಗಡಿ. ಡಬ್ಬಿಯ ಮೇಲೆ ಸಾವಿರದ ಇನ್ನೂರು ವ್ಯಾಟ್ ಅಂತ ಕೆಂಪಕ್ಷರದಲ್ಲಿ ಇತ್ತು. ಇದನ್ನು ಹಚ್ಚಿದರೆ ಕಿಟಕಿ ಗಾಜು ಕುಣಿಯುತ್ತವೆ ಎಂದು ಅಂಗಡಿಯವನು ಹೇಳಿದ. ನಾನು ಮಷೀನ್ ತಿರುಗಿಸಿ ಹಿಂದಿನ ತಗಡಿನ ಮೇಲೆ ಓದಿದೆ. ಅದು ತಿನ್ನುವ ಕರೆಂಟು ಅರವತ್ತೈದು ವ್ಯಾಟ್. ಅರವತ್ತೈದು ತಿಂದು ಸಾವಿರದ ಇನ್ನೂರು ಹೇಗೆ ಕೊಡುತ್ತದೆ ಎಂದು ಕೇಳಿದೆ. "ಮೇಡಂ, ಅದು ಕರೆಂಟ್ ಪವರ್ ಅದರಿ, ಇದು ಮ್ಯೂಸಿಕ್ ಪವರ್," ಅಂದ. ಅದನ್ನೂ ಬರೆದುಕೊಂಡೆ. ಸ್ಪಷ್ಟತೆಗೆ ಹತ್ತಕ್ಕೆ ನಾಲ್ಕು.

ಇಪ್ಪತ್ತೊಂದರಂದು ಸೇಡಂ ರಸ್ತೆಯ ಒಂದು ಎಸಿ ಹಾಕಿದ ಶೋರೂಮು. ಅಲ್ಲಿಯ ರಿಸೀವರ್‌ಗೆ ಐದು ಸ್ಪೀಕರ್ ಬೇಕು, ಟಿವಿ ಬೇಕು, ಒಂದು ಮೈಕ್ ಇಟ್ಟು ಕೋಣೆಯನ್ನೇ ಅಳೆಯುತ್ತದೆ. ಬರೀ ಡಬ್ಬಿಗೆ ಇಪ್ಪತ್ತಾರು ಸಾವಿರ. ಸ್ಪಷ್ಟತೆ ಒಂಬತ್ತು. ಯಾದಿಯಲ್ಲಿ ಅಡ್ಡಗೆರೆ ಎಳೆದೆ.

ಜುಲೈನಲ್ಲಿ ಕಲಬುರಗಿಯದೇ ರೋಜಾ ಬಡಾವಣೆಯ ಒಂದು ಗಲ್ಲಿಯಲ್ಲಿ ಹಳೆಯ ಮಷೀನ್ ರಿಪೇರಿ ಮಾಡಿ ಮಾರುವವರು ಸಿಕ್ಕರು. ಅವರಲ್ಲಿ ಎರಡು ಚಾನೆಲ್ಲಿನ ಒಂದು ರಿಸೀವರ್ ಇತ್ತು, ಅಲ್ಯೂಮಿನಿಯಂ ಮುಖ, ದೊಡ್ಡ ತಿರುಗಣೆ. ಕಟ್ಟಿಗೆಯ ಜೋಡಿ ಸ್ಪೀಕರ್ ಸೇರಿ ಹದಿನಾರು ಸಾವಿರ. ಬ್ಲೂಟೂತ್ ಇಲ್ಲ, ಫೋನಿಗೆ ವೈರ್ ಹಚ್ಚಬೇಕು. ಯಾದಿಯ ಎಲ್ಲ ಕಾಲಂ ಕೂಡಿಸಿದರೆ ಅದೇ ಮೇಲಿತ್ತು. ಅವತ್ತೇ ತರಬಹುದಿತ್ತು. ತರಲಿಲ್ಲ. ಇನ್ನೂ ಎರಡು ಅಂಗಡಿ ನೋಡಬೇಕು ಅಂತ ಮನೆಯಲ್ಲಿ ಹೇಳಿದೆ. ಮುಂದಿನ ವಾರ ವೈರಿನ ದಪ್ಪದ ಬಗ್ಗೆ ಓದುತ್ತಿದ್ದೇನೆ ಅಂದೆ. ಬೆಳಿಗ್ಗೆ 'ಆ' ನಡೆದೇ ಇತ್ತು. ಆರು ತಿಂಗಳು ತುಂಬಲು ಇನ್ನೂ ಇಪ್ಪತ್ತೆರಡು ದಿನ ಇದ್ದವು.

ಕಾಕಾ ದಿನಾ ಕಟ್ಟೆಯ ಮೇಲಿಂದ ಕೇಳುತ್ತಿದ್ದರು. "ಏನವಾ, ನಿನ್ನ ಯಾದಿ ಮುಗಿಯೋದ್ರಾಗ ನಾವೇ ಮುಗದ್‌ಹೋಗ್ತೀವಲ್ಲ." ನಾನು ನಕ್ಕು ಬಸ್ಸಿಗೆ ಹೋಗುತ್ತಿದ್ದೆ.

ಆಗಸ್ಟ್ ಎಂಟು, ಗುರುವಾರ. ಅಪ್ಪನನ್ನು ತಪಾಸಣೆಗೆ ಕರೆದುಕೊಂಡು ಹೋದೆ. ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ದನಿ ಹೊರಡಿಸುವ ಎರಡು ಬಿಳಿ ಎಳೆಗಳು. 'ಈ' ಅನ್ನಿ ಎಂದಾಗ ಒಂದು ನಡುವಿನವರೆಗೆ ಬಂದು ಹೋಗುತ್ತಿತ್ತು. ಇನ್ನೊಂದು ಬದಿಗೆ ನಿಂತಿತ್ತು, ಅಲುಗಲಿಲ್ಲ. ಮಾತು ಸ್ವಲ್ಪ ಗಟ್ಟಿಯಾಗಲು ಒಂದು ಚುಚ್ಚುಮದ್ದು ಇದೆ, ಬೇಕಾದರೆ ಮುಂದೆ ಹಾಕೋಣ, ಆದರೆ ಹಾಡಿನ ಆಸೆ ಇಟ್ಟುಕೊಳ್ಳಬೇಡಿ ಅಂದರು. ಅಪ್ಪ ತಲೆ ಆಡಿಸಿದರು. ನಾನು ಫೈಲಿನಲ್ಲಿ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡೆ.

ಹೊರಗೆ ಬಂದಾಗ ಹನ್ನೆರಡೂ ನಲವತ್ತು. ರಸ್ತೆಯಲ್ಲಿ ಆಟೋಗಳು ಹೋಗುತ್ತಿದ್ದವು. ಏನಾದರೂ ಅನಿಸಬೇಕು ಅಂತ ನಾನು ಕಾಯುತ್ತ ನಿಂತೆ. ಹೊಟ್ಟೆ ಹಸಿದಿದೆ ಅಂತ ಮಾತ್ರ ಗೊತ್ತಾಯಿತು. ಅಪ್ಪ ನನ್ನ ತೋಳು ಮುಟ್ಟಿದರು.

"ಮಷೀನ್ ತಗೊಂಡ್ ಹೋಗೋಣ ನಡಿ. ನಾಡಿದ್ದು ಶನಿವಾರ ಅದ."

ಗುರುವಾರವಾದ್ದರಿಂದ ರೋಜಾದಲ್ಲಿ ದರ್ಗಾಕ್ಕೆ ಬಂದ ಜನ ತುಂಬಿದ್ದರು. ಹೂವಿನ ಚಾದರ ಹಿಡಿದವರ ನಡುವೆ ಅಪ್ಪ ನನ್ನ ಬ್ಯಾಗಿನ ಪಟ್ಟಿ ಹಿಡಿದು ಬಂದರು, ಕೂಗಿ ಕರೆಯಲು ಆಗುವುದಿಲ್ಲವಲ್ಲ. ರಿಪೇರಿಯವರು ಸ್ಟೂಲು ಒರೆಸಿ ಕೊಟ್ಟರು. "ಆವೋ ಬೇಟಾ. ಕೂಡ್ರಿ ಸಾಬ್." ಅಪ್ಪನ ಗಂಟಲ ಮೇಲಿನ ಗೆರೆ ಅವರ ಕಣ್ಣಿಗೆ ಬಿದ್ದಿರಬೇಕು. ಮುಂದೆ ಅಪ್ಪ ಮಾತಾಡಿದಾಗೆಲ್ಲ ನನ್ನ ಕಡೆ ನೋಡದೆ ತಾವೇ ಬಗ್ಗಿ ಕಿವಿ ಕೊಟ್ಟರು. ಕೋಣೆ ಎಷ್ಟು ದೊಡ್ಡದು, ಚಾವಣಿ ಯಾವುದು, ಎಷ್ಟು ಮಂದಿ ಕೂಡುತ್ತೀರಿ ಎಂದೆಲ್ಲ ಕೇಳಿದರು. ನೆಲಕ್ಕೆ ಫರಸಿ ಕಲ್ಲು ಇದೆ ಅಂದದ್ದಕ್ಕೆ, ಹಾಗಾದರೆ ಸ್ಪೀಕರ್ ಕೆಳಗೆ ಗೋಣಿತಟ್ಟು ಹಾಕಿ, ಇಲ್ಲವಾದರೆ ದನಿ ಗುಂಯ್ ಅನ್ನುತ್ತದೆ ಅಂದರು.

ನಾನು ಫೋನಿನ ಹಾಡು ಹಚ್ಚಿದೆ. ಗಾಯಕರ ದನಿ ಆ ಸಣ್ಣ ಅಂಗಡಿಯಲ್ಲಿ ನಿಂತುಕೊಂಡಿತು. ಉಸಿರು ಎಳೆದುಕೊಂಡದ್ದೂ ಕೇಳಿಸುತ್ತಿತ್ತು. ಅಪ್ಪ ಕಣ್ಣು ಮುಚ್ಚಿದರು. ಮೊದಲ ಸಾಲಿಗೆ ತುಟಿ ಅಲುಗಿದವು. ಎರಡನೇ ಸಾಲಿಗೆ ನಿಂತವು. ಕಣ್ಣು ತೆರೆದು ಸ್ಪೀಕರ್ ನೋಡಿದರು, ಆಮೇಲೆ ನನ್ನನ್ನು.

"ಹೆಂಗ್ ಅನಸ್ತದ ಅಪ್ಪಾ?"

"ಸಾಫ್ ಅದ," ಅಂದರು. ನಾನು ಹತ್ತಕ್ಕೆ ಒಂಬತ್ತು ಬರೆದೆ.

ಆಗಸ್ಟ್ ಹತ್ತು, ಶ್ರಾವಣದ ಮೊದಲ ಶನಿವಾರ. ಸ್ಪೀಕರ್ ಕೆಳಗೆ ಗೋಣಿತಟ್ಟು ಹಾಕಿದೆ. ಎರಡರ ನಡುವೆ ಎಂಟು ಅಡಿ ಅಂತರ ಅಳೆದು ಸುಣ್ಣದಕಡ್ಡಿಯಲ್ಲಿ ಗುರುತು ಮಾಡಿದೆ. ಹಾರ್ಮೋನಿಯಂ ಅನ್ನು ಅಪ್ಪನೇ ಎತ್ತಿ ಮೂಲೆಗೆ ಇಟ್ಟರು, ರಿಸೀವರ್‌ಗೆ ಜಾಗ ಬೇಕಿತ್ತು. ನೈವೇದ್ಯಕ್ಕೆ ಕೆಂಪು ಬಾಳೆಹಣ್ಣು ತಂದ ಕಾಕಾ ರಿಸೀವರ್‌ಗೂ ಕುಂಕುಮ ಹಚ್ಚಿದರು. ಬಂದವರು ಒಂಬತ್ತು. ಹಾಡು ಶುರುವಾಯಿತು. ಮೊದಲ ಸಾಲಿಗೆ ಒಂಬತ್ತೂ ಮಂದಿ ದನಿ ಕೂಡಿಸಿದರು. ಎರಡನೇ ನುಡಿಗೆ ಐದು. ಕಡೆಯ ನುಡಿಗೆ ಯಾರೂ ಇರಲಿಲ್ಲ, ಎಲ್ಲರೂ ಕೈಮುಗಿದು ಕೇಳುತ್ತಿದ್ದರು. ಹದಿನೇಳರಂದು ಬಂದವರು ಆರು. ಇಪ್ಪತ್ನಾಲ್ಕರಂದು ನಾಲ್ಕು. ಅವತ್ತು ಶುರುವಿನಿಂದಲೇ ಯಾರೂ ಬಾಯಿ ತೆರೆಯಲಿಲ್ಲ. ಮೂಲೆಮನೆಯ ಅಜ್ಜಿ ಗೋಡೆಗೆ ಒರಗಿ ನಿದ್ದೆ ಹೋದರು.

ಆರತಿ ತಟ್ಟೆ ಹಿಡಿದುಕೊಂಡು ಕಾಕಾ ಹೇಳಿದರು, "ಮಷೀನ್ ಛಲೋನೇ ಅದ ಬಿಡವಾ. ನಮ್ಮವೇ ಗಂಟಲ ಹೋಗ್ಯಾವ. ಬರೋ ಶನಿವಾರ ಆದಮ್ಯಾಲ ನಿಲ್ಲಿಸಿಬಿಡೋಣ. ಕೇಳೋದೇ ಆದ್ರ ಅವರವರ ಮನ್ಯಾಗ ಕೇಳಬಹುದು."

ಅಪ್ಪ ತಾಳಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಸುತ್ತಿ ಮುಗಿಸಿ ಕಪಾಟಿನಲ್ಲಿ ಇಟ್ಟರು. ಅವರಿಗೆ ಉಳಿದಿದ್ದದ್ದು ಶನಿವಾರ ಆ ಗೋಡೆಯ ಹತ್ತಿರ ಕೂಡುವುದು ಒಂದೇ, ಅದೂ ಇನ್ನೊಂದು ವಾರಕ್ಕೆ ಮುಗಿಯುತ್ತದೆ ಎಂದು ನನಗೆ ಗೊತ್ತಾಯಿತು. ಅದನ್ನು ಪುಟದಲ್ಲಿ ಬರೆಯಲಿಲ್ಲ. ರಿಸೀವರ್‌ನಲ್ಲೇ ಏನೋ ದೋಷವಿದೆ ಅಂದುಕೊಂಡು ಸೋಮವಾರ ರೋಜಾದವರಿಗೆ ಫೋನ್ ಮಾಡಿದೆ. ಆವಾಜ್ ಸಾಫ್ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಅಂದೆ. ಹಾಗಾದರೆ ಮಷೀನಿನ ತಪ್ಪಲ್ಲ ಅಂದರು.

ಬುಧವಾರ, ಇಪ್ಪತ್ತೆಂಟು. ಲ್ಯಾಬಿನಿಂದ ಬೇಗ ಬಂದೆ. ಪಡಸಾಲೆಯಲ್ಲಿ ರಿಸೀವರ್ ಸಣ್ಣದಾಗಿ ಹಾಡುತ್ತಿತ್ತು. ಅದೇ ಪದ, ಅಮ್ಮನ ಫೋನಿನಿಂದ. ಅಪ್ಪ ಮೂಲೆಯ ಹಾರ್ಮೋನಿಯಂ ಎಳೆದುಕೊಂಡು ಕುಳಿತಿದ್ದರು. ಫೆಬ್ರವರಿಯ ನಂತರ ಅದರ ಮುಂದೆ ಅವರನ್ನು ನೋಡಿದ್ದು ಅವತ್ತೇ. ಗಾಯಕರು 'ಸಾ' ಹಿಡಿದ ಮನೆಯ ಮೇಲೆ, ಅಂದರೆ ಆ ಕೀ ಮೇಲೆ, ಒಂದು ಬೆರಳು ಇಟ್ಟಿದ್ದರು. ಅಲ್ಲಿಂದ ಕರಿ, ಬಿಳಿ ಎರಡನ್ನೂ ಎಣಿಸುತ್ತ ಎಡಕ್ಕೆ ಇಳಿದು ಒಂದು ಕಡೆ ನಿಂತರು. ನನ್ನನ್ನು ನೋಡಿ ಬೆರಳು ತೆಗೆದರು.

"ಎಷ್ಟು?" ಅಂದೆ.

"ನಾಕು ಮನಿ. ಅವರದು ಮ್ಯಾಲಿನ ಪಟ್ಟಿ."

ಪಟ್ಟಿ ಅಂದರೆ ನಮ್ಮಲ್ಲಿ ಹಾಡಿನ ಶ್ರುತಿ, ಹಾರ್ಮೋನಿಯಂನ ಯಾವ ಮನೆಯಿಂದ ಹಾಡು ಏಳುತ್ತದೆ ಅನ್ನುವುದು. ವೇದಿಕೆಯ ಗಾಯಕರು ತಮ್ಮ ಗಂಟಲಿಗೆ ತಕ್ಕ ಪಟ್ಟಿ ಇಟ್ಟುಕೊಳ್ಳುತ್ತಾರೆ. ಅರವತ್ತು ದಾಟಿದ ಕಂಪೌಂಡರ್ ಕಾಕಾ ಅಲ್ಲಿಗೆ ಏರಲಾರರು. ನಾನು ವ್ಯಾಟು ಬರೆದೆ, ಚಾನೆಲ್ಲು ಬರೆದೆ, ವೈರಿನ ದಪ್ಪ ಬರೆದೆ. ಹಾಡನ್ನು ಹಾಡುವವರು ಯಾರು ಅನ್ನುವುದಕ್ಕೆ ನನ್ನ ಯಾದಿಯಲ್ಲಿ ಕಾಲಂ ಇರಲಿಲ್ಲ. ಹುಟ್ಟಿದಾಗಿನಿಂದ ಆ ಪಡಸಾಲೆಯಲ್ಲಿ ಕೂತವಳು ನಾನು.

"ನಿಮಗ ಯಾವಾಗ ಗೊತ್ತಾತು?"

"ಅಂಗಡ್ಯಾಗೇ."

"ಮತ್ತ ಯಾಕ ಹೇಳಲಿಲ್ಲ ಅಪ್ಪಾ?"

ಅಪ್ಪನಿಗೆ ಒಂದು ಉಸಿರಿಗೆ ಮೂರು ನಾಲ್ಕು ಶಬ್ದ ಮಾತ್ರ ಬರುತ್ತವೆ. ಉತ್ತರಕ್ಕೆ ಹೊತ್ತು ಹಿಡಿಯಿತು.

"ಹೇಳಿದ್ರ, ನಾ ಇಲ್ಲದ ನಡಿಯಂಗಿಲ್ಲ ಅಂತ, ನನ್ನ ಬಾಯಿಲೆ ನಾನೇ ಹೇಳಿಕೊಂಡಂಗ ಆಗ್ತಿತ್ತು."

ನಾನು ಅವರ ಎದುರಿಗೆ ಫರಸಿಯ ಮೇಲೆ ಕೂತೆ. ಹಾಡು ಮುಗಿದು ಮತ್ತೆ ಮೊದಲಿಂದ ಶುರುವಾಯಿತು. ಫೋನಿನಲ್ಲಿ ಹಾಡಿನ ಪಟ್ಟಿ ಇಳಿಸುವ ಆ್ಯಪ್ ಇರಬಹುದು ಅಂತ ಹುಡುಕಿದೆ. ಇತ್ತು. ವೇಗ ಬದಲಾಗದೆ ಒಂದೊಂದೇ ಮನೆ ಇಳಿಸಬಹುದು. ನಾಲ್ಕು ಒತ್ತಿದೆ. ಗಾಯಕರ ದನಿ ದಪ್ಪವಾಗಿ ಬೇರೆ ಯಾರದೋ ಆಯಿತು. ಅಡುಗೆಮನೆಯಲ್ಲಿ ಅಮ್ಮ ಅದರ ಜೊತೆ ಗುನುಗಲು ಶುರು ಮಾಡಿದ್ದು ಕೇಳಿಸಿತು. ಮೇಲಿನ ಸಾಲಿಗೂ ಅವಳು ನಿಲ್ಲಿಸಲಿಲ್ಲ.

ಹೀಗೆ ಇಳಿಸಿಟ್ಟರೆ ಭಜನೆಗೆ ಅಪ್ಪ ಬೇಕಾಗುವುದಿಲ್ಲ. ಅದು ಅಪ್ಪನಿಗೂ ಹೊಳೆದಿರಬೇಕು. ಆದರೂ ಕೇಳಿದೆ, ಎಲ್ಲ ಹಾಡನ್ನೂ ನಾಲ್ಕು ಮನೆ ಇಳಿಸಿಡಲೇ ಅಂತ.

ಅಪ್ಪ ಬೇಡ ಅಂದರು. ಯಾರು ಯಾರು ಬಂದಿದ್ದಾರೆ ನೋಡಬೇಕು ಅಂದರು. ಆಮೇಲೆ ತುಂಡು ತುಂಡಾಗಿ ಹೇಳಿದ್ದು ಇಷ್ಟು. ಮಳೆಗಾಲದಲ್ಲಿ ಕಾಕಾಗೆ ಕಫ ಕಟ್ಟುತ್ತದೆ, ಆಗ ಐದು. ಮೂಲೆಮನೆಯ ಅಜ್ಜಿ ಬಂದರೆ ತೀರಾ ಕೆಳಗೆ ಅವರಿಗೆ ದನಿ ಸಿಗುವುದಿಲ್ಲ, ಆಗ ಮೂರು. ಏಕಾದಶಿಯ ಮರುದಿನ ಶನಿವಾರ ಬಂದರೆ ಉಪವಾಸದಿಂದ ಎಲ್ಲರದೂ ಒಂದು ಮನೆ ಇಳಿದಿರುತ್ತದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅವರು ಆಡುವ ಮಾತು ಕೇಳಿಯೇ ಅಪ್ಪ ಅವತ್ತಿನ ಪಟ್ಟಿ ಹಿಡಿಯುತ್ತಿದ್ದರಂತೆ.

"ಅವರಿಗೆ ಇದು ಗೊತ್ತದನ?"

ಅಪ್ಪ ತಲೆ ಅಲ್ಲಾಡಿಸಿದರು. "ಗೊತ್ತಾಗಬಾರದು. ಇಳಸ್ಯಾರ ಅಂತ ತಿಳದ್ರ, ಮನಸು ಸಣ್ಣದಾಗ್ತದ. ದನಿ ಇನ್ನೂ ಬೀಳ್ತದ."

ಆಗಸ್ಟ್ ಮೂವತ್ತೊಂದು, ಶ್ರಾವಣದ ಕಡೆಯ ಶನಿವಾರ. ಇವತ್ತಿಗೆ ಮುಗಿಸುವುದು ಅಂತ ತಿಳಿದು, ಬರುವುದು ಬಿಟ್ಟಿದ್ದವರೂ ಬಂದಿದ್ದರು. ಎಂಟು ಮಂದಿ. ಅಪ್ಪ ರಿಸೀವರ್ ಪಕ್ಕದಲ್ಲಿ, ಬಾಗಿಲು ಕಾಣುವ ಹಾಗೆ ಕುಳಿತರು. ನಾನು ಅವರ ಹಿಂದೆ ಫೋನ್ ಹಿಡಿದು ಕೂತೆ. ಕಾಕಾ ಮೆಟ್ಟಿಲು ಹತ್ತುತ್ತಲೇ ಕೆಮ್ಮಿದರು, ಬಸ್ಸಿನವರನ್ನು ಬೈದರು, ನೀರು ಕೇಳಿದರು. ಅಜ್ಜಿ ಬಂದು ಕೂತರು, ಆದರೆ ಮೊಣಕಾಲು ನೋವು ಅಂತ ಮಾತು ಸಣ್ಣದಾಗಿತ್ತು. ಅಪ್ಪ ಎಲ್ಲರನ್ನೂ ಒಂದು ಸುತ್ತು ನೋಡಿದರು. ಕೈಯನ್ನು ತೊಡೆಯ ಪಕ್ಕಕ್ಕೆ ಇಳಿಸಿ ನನಗಷ್ಟೇ ಕಾಣುವಂತೆ ನಾಲ್ಕು ಬೆರಳು ತೋರಿಸಿದರು. ನಾನು ಒತ್ತುವ ಮುಂಚೆ ಹೆಬ್ಬೆರಳೂ ಬಂತು. ಐದು.

ಮೊದಲ ಪದ ಕಡೆಯ ನುಡಿಯವರೆಗೆ ಹೋಯಿತು, ಎಂಟೂ ಮಂದಿಯಿಂದ. ಎರಡನೆಯದಕ್ಕೆ ಅಪ್ಪ ನಾಲ್ಕು ತೋರಿಸಿದರು. ಆ ಹೊತ್ತಿಗೆ ಗಂಟಲು ಬಿಟ್ಟುಕೊಂಡಿದ್ದವು. ಅಭಂಗಕ್ಕೆ ಮೂರು. ಅಜ್ಜಿ ಎದ್ದು ಕೂತು ಹಾಡಿದರು. ಒಟ್ಟು ಏಳು ಹಾಡು, ಆರತಿ ಬೇರೆ. ಅಪ್ಪ ತಾಳ ಹಾಕುತ್ತ ನೆಲ ನೋಡುತ್ತಿದ್ದರು. ನನಗೆ ಸಂತೋಷವಾಗಬೇಕಿತ್ತು. ಮುಂದಿನ ಹಾಡಿಗೆ ಬೆರಳು ಎಷ್ಟು ಬರುತ್ತವೆ ಅನ್ನುವುದನ್ನು ಮಾತ್ರ ನೋಡುತ್ತಿದ್ದೆ.

ಪ್ರಸಾದ ತಿನ್ನುತ್ತ ಕಾಕಾ ರಿಸೀವರ್ ತಲೆಯ ಮೇಲೆ ಕೈ ಸವರಿದರು. "ಹೊಸದೇ ಇತ್ತು ನೋಡು, ಹೊಂದ್ಕೋಲಿಕ್ಕೆ ನಾಕು ವಾರ ಹಿಡೀತು. ಭಾಳ ಛಲೋ ಮಷೀನ್ ಆರಿಸೀದಿ. ನಿಲ್ಲಿಸೋ ಮಾತು ಸದ್ಯಕ್ಕ ಬ್ಯಾಡ."

ಹಳೆಯ ಮಷೀನ್ ಅಂತ ನಾನು ಹೇಳಲಿಲ್ಲ. ಅಪ್ಪ ಬಾಳೆಹಣ್ಣಿನ ಸಿಪ್ಪೆಗಳನ್ನು ಒಂದು ಕಡೆ ಕೂಡಿಸುತ್ತಿದ್ದರು.

ಕಾಕಾ ಚಪ್ಪಲಿ ಮೆಟ್ಟಿಕೊಂಡು ತಿರುಗಿ ನಿಂತರು. "ಒಂದು ಶನಿವಾರ ಲ್ಯಾಬಿನ್ಯಾಗ ನಿನಗ ತಡಾ ಆದ್ರ ಏನ್ ಮಾಡೋದು? ಇದರದು ನನಗೂ ಒಂದೀಟು ಕಲಿಸಿಕೊಡು."

ಅಪ್ಪ ಏನೋ ಅಂದರು. ಕಾಕಾಗೆ ಕೇಳಿಸಲಿಲ್ಲ. ಕಿವಿಗೆ ಕೈ ಹಚ್ಚಿ ನನ್ನ ಕಡೆ ನೋಡಿದರು.

"ನಾ ಇರ್ತೀನಿ ಅಂತಾರ್ರಿ ಕಾಕಾ," ಅಂದೆ.

"ಹಂಗಾದ್ರ ಚಿಂತಿಲ್ಲ," ಎಂದು ಕಾಕಾ ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದರು.